ನಿಂಟೆಂಡೊ ಎನ್‌ಇಎಸ್: ದೀಪ ಮಿಣುಕುತ್ತದೆ, ಚಿತ್ರದಲ್ಲಿ ಪಟ್ಟಿಗಳು ಓಡುತ್ತವೆ. ದೋಷ ಅಡಾಪ್ಟರ್‌ನದೋ, ಕೇಬಲ್‌ನದೋ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಅಮೆರಿಕದಿಂದ ಊರಿಗೆ ಮರಳುವಾಗ ತಂದಿದ್ದ ನಿಂಟೆಂಡೊ ಎನ್‌ಇಎಸ್ ವಿಡಿಯೋ ಗೇಮ್ ಕನ್ಸೋಲ್ ಈಗ ನನ್ನ ಬಳಿ ಇದೆ. ಮುಂದಿನ ಮುಚ್ಚಳ ಎತ್ತಿ, ಆಟವಿರುವ ಕಾರ್ಟ್ರಿಡ್ಜನ್ನು ಒಳಗೆ ತಳ್ಳಿ ಕೆಳಕ್ಕೆ ಒತ್ತುವ ಮಾದರಿ. ತಳದಲ್ಲಿ ಎನ್‌ಇಎಸ್-001 ಎಂದು ಬರೆದಿದೆ. ಅದರ ಜೊತೆಗೆ ಬಂದ ಅಡಾಪ್ಟರ್‌ನ ಮೇಲೆ ಒಳಬರುವ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್ ಎಂದೂ ಹೊರಹೋಗುವುದು 9 ವೋಲ್ಟ್, 1.3 ಆಂಪಿಯರ್ ಎಂದೂ ಇದೆ. ಅದನ್ನು ನಮ್ಮ 230 ವೋಲ್ಟ್‌ಗೆ ನೇರವಾಗಿ ಯಾವತ್ತೂ ಚುಚ್ಚಿಲ್ಲ. ಮಾವನೇ ಕೊಟ್ಟ, ತೂಕದ ಕಬ್ಬಿಣದ ಡಬ್ಬಿಯಂತಿರುವ 110 ವೋಲ್ಟ್‌ನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಬಳಸಿದ್ದೇವೆ.

ಬಹುಕಾಲ ಅಟ್ಟದಲ್ಲಿದ್ದ ಇದನ್ನು ಇಳಿಸಿ ಜೋಡಿಸಿದಾಗ ಕೆಂಪು ದೀಪ ಹತ್ತಿ ಆರಿ, ಹತ್ತಿ ಆರಿ ಮಾಡಿತು. ಊರಿನ ಟಿವಿ ರಿಪೇರಿ ಅಂಗಡಿಗೆ ಒಯ್ದೆ. ಅವರು ಅಡಾಪ್ಟರ್‌ನ ತುದಿಗೆ ಮೀಟರ್ ಹಿಡಿದು, ಸೊನ್ನೆ ತೋರಿಸುತ್ತಿದೆ, ಇದು ಸುಟ್ಟಿದೆ ಎಂದರು. ಬದಲಿಗೆ ಸೆಟ್‌ಟಾಪ್ ಬಾಕ್ಸ್‌ನ 12 ವೋಲ್ಟ್, ಅರ್ಧ ಆಂಪಿಯರ್‌ನ ಅಡಾಪ್ಟರ್ ಕೊಟ್ಟರು. ಅದರಲ್ಲೂ ದೀಪ ಸೆಕೆಂಡಿಗೊಮ್ಮೆ ಎಂಬಂತೆ ಮಿಣುಕುತ್ತದೆ, ಪರದೆಯೂ ಅದೇ ತಾಳಕ್ಕೆ ಬಂದು ಹೋಗುತ್ತದೆ. ಕಾರ್ಟ್ರಿಡ್ಜನ್ನು ತೆಗೆದು ಹಾಕುತ್ತಿದ್ದರೆ ಕೆಲವೊಮ್ಮೆ ಆಟ ಶುರುವಾಗುವುದುಂಟು. ಆಗ ಚಿತ್ರದಲ್ಲಿ ಮಸುಕಾದ ಅಡ್ಡಪಟ್ಟಿಗಳು ವೇಗವಾಗಿ ಓಡುತ್ತವೆ, ಸ್ಪೀಕರ್‌ನಲ್ಲಿ ಗುಂಯ್ ಎಂಬ ಸದ್ದಿರುತ್ತದೆ, ಹಳದಿ ಕೇಬಲನ್ನು ಮುಟ್ಟಿದರೆ ಎರಡೂ ಹೆಚ್ಚುಕಡಿಮೆಯಾಗುತ್ತವೆ. ಸ್ವಲ್ಪ ಹೊತ್ತಿನಲ್ಲಿ ಕನ್ಸೋಲ್‌ನ ಹಿಂಬದಿಯ ಮೂಲೆ ಬಿಸಿಯಾಗುತ್ತದೆ.

ಇನ್ನೊಂದು ವಿಷಯ. ಮನೆಯ ಹಳೆಯ ಡಬ್ಬಿ ಟಿವಿಗೆ ಆಂಟೆನಾ ತಂತಿಯ ಮೂಲಕ ಜೋಡಿಸಿ ನೋಡಿದಾಗ ಚಿತ್ರ ಕಪ್ಪುಬಿಳುಪಾಗಿ ಬಂತು, ಧ್ವನಿ ಬರಲೇ ಇಲ್ಲ. ಒಳಗಿನ ಬೋರ್ಡೇ ಹೋಗಿರಬಹುದು ಎಂದು ಅಂಗಡಿಯವರ ಅಭಿಪ್ರಾಯ. ನನ್ನಲ್ಲಿ ಸಾಧಾರಣ ಮಲ್ಟಿಮೀಟರ್ ಇದೆ, ಬೆಸುಗೆ ಹಾಕಲು ಬರುತ್ತದೆ. ಎಲ್ಲಿಂದ ಪರೀಕ್ಷೆ ಆರಂಭಿಸಬೇಕು ಎಂದು ತಿಳಿದವರು ಹೇಳಬೇಕಾಗಿ ಕೋರಿಕೆ.

ಬೆಸುಗೆಕಡ್ಡಿ:

ನಮಸ್ಕಾರ. ಬೋರ್ಡಿನ ವಿಷಯ ಸದ್ಯಕ್ಕೆ ಬಿಡಿ. ಅಂಗಡಿಯವರು ಮೀಟರನ್ನು ಯಾವ ಸ್ಥಾನದಲ್ಲಿಟ್ಟು ಅಳೆದರು ಎಂಬುದೇ ನನ್ನ ಮೊದಲ ಅನುಮಾನ. ಅಮೆರಿಕದ ಎನ್‌ಇಎಸ್ ಅಡಾಪ್ಟರ್ ಹೊರಗೆ ಕೊಡುವುದು 9 ವೋಲ್ಟ್ ಎಸಿ (ದಿಕ್ಕು ಬದಲಿಸುತ್ತಿರುವ ವಿದ್ಯುತ್), ಡಿಸಿ (ಒಂದೇ ದಿಕ್ಕಿನದು) ಅಲ್ಲ. ಆ ಕಪ್ಪು ಇಟ್ಟಿಗೆಯೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಬಿಟ್ಟರೆ ಬೇರೇನೂ ಇಲ್ಲ. ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರ್, ಅದನ್ನು ಸಮಗೊಳಿಸುವ 2200 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಮತ್ತು 5 ವೋಲ್ಟ್‌ಗೆ ಇಳಿಸುವ 7805 ರೆಗ್ಯುಲೇಟರ್, ಈ ಮೂರೂ ಕನ್ಸೋಲ್‌ನ ಹಿಂಬದಿಯ ತಗಡಿನ ಪೆಟ್ಟಿಗೆಯಲ್ಲಿವೆ. ಇಂತಹ ಅಡಾಪ್ಟರನ್ನು ಡಿಸಿ ಸ್ಥಾನದಲ್ಲಿ ಅಳೆದರೆ ಮೀಟರ್ ಸೊನ್ನೆ ತೋರಿಸುವುದು ಸಹಜ. ಮೀಟರನ್ನು ಎಸಿ ವೋಲ್ಟ್ ಸ್ಥಾನಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿ. ಹೊರೆಯಿಲ್ಲದಾಗ, ಅಂದರೆ ವಿದ್ಯುತ್ ಎಳೆಯುವ ಯಾವುದನ್ನೂ ಜೋಡಿಸದಿದ್ದಾಗ, 9ಕ್ಕಿಂತ ತುಸು ಹೆಚ್ಚೇ ತೋರಿಸಬೇಕು.

ಹೊರೆ ಹಾಕಿಯೂ ನೋಡುವುದು ಒಳ್ಳೆಯದು. ತಂತಿಯ ಎಳೆಗಳೆಲ್ಲ ತುಂಡಾಗಿ ಒಂದೆರಡೇ ಉಳಿದಿದ್ದರೂ ಬರೀ ಮೀಟರ್‌ಗೆ ಪೂರ್ಣ ವೋಲ್ಟೇಜ್ ಕಾಣುತ್ತದೆ. ವಿದ್ಯುತ್ ಹರಿಯತೊಡಗಿದಾಗ ಮಾತ್ರ ಅದು ಕುಸಿಯುತ್ತದೆ. ಇದಕ್ಕೆ ಬೈಕಿನ ಇಂಡಿಕೇಟರ್‌ಗೆ ಹಾಕುವ 12 ವೋಲ್ಟ್, 10 ವ್ಯಾಟ್‌ನ ಬಲ್ಬ್ ಸಾಕು. 9 ವೋಲ್ಟ್‌ನಲ್ಲಿ ಅದು ಸುಮಾರು 0.7 ಆಂಪಿಯರ್ ಎಳೆಯುತ್ತದೆ. ಬಲ್ಬ್ ಉರಿಯುತ್ತಿರುವಾಗ, ಅಡಾಪ್ಟರ್‌ನಿಂದ ತಂತಿ ಹೊರಬರುವ ಕುತ್ತಿಗೆಯನ್ನೂ ಪಿನ್ನಿನ ಹಿಂದಿನ ಕುತ್ತಿಗೆಯನ್ನೂ ನಿಧಾನವಾಗಿ ಬಗ್ಗಿಸಿ. ಬೆಳಕು ಅಲುಗಾಡಿದ ಕಡೆ ತಂತಿ ಒಳಗೇ ಮುರಿದಿದೆ ಎಂದರ್ಥ. ಪಿನ್ನಿನ ಕಡೆಯಾದರೆ ಕತ್ತರಿಸಿ ಹೊಸ ಪಿನ್ ಬೆಸೆಯಬಹುದು. ಇಟ್ಟಿಗೆಯ ಕಡೆಯಾದರೆ ಅದನ್ನು ಒಡೆದು ತೆರೆಯುವ ಸಾಹಸ ಬೇಡ, ಅದರ ಇನ್ನೊಂದು ಬದಿಯಲ್ಲಿ ಮೇನ್ಸ್, ಅಂದರೆ ಗೋಡೆಯ ವಿದ್ಯುತ್, ಇದೆ.

ಈಗ 12 ವೋಲ್ಟ್‌ನ ವಿಷಯ. ಅಷ್ಟೊಂದು ಹೆಚ್ಚು ವೋಲ್ಟೇಜ್ ಕೊಟ್ಟಿದ್ದರಿಂದ ಬಿಸಿಯಾಗುತ್ತಿದೆ ಎಂದು ತಾವು ಹೆದರಿರಬಹುದು. ಆದರೆ ಲೆಕ್ಕ ಹಾಕಿ ನೋಡಿ. 9 ವೋಲ್ಟ್ ಎಸಿಯ ಶಿಖರ ಸುಮಾರು 12.7 ವೋಲ್ಟ್. ಬ್ರಿಜ್‌ನ ಎರಡು ಡಯೋಡ್‌ಗಳಲ್ಲಿ 1.4 ವೋಲ್ಟ್ ಕಳೆದು ಕೆಪಾಸಿಟರ್‌ಗೆ ಸುಮಾರು 11.3 ಸಿಗುತ್ತದೆ. 12 ವೋಲ್ಟ್ ಡಿಸಿ ಕೊಟ್ಟಾಗ ಸಿಗುವುದು 10.6. ಅಂದರೆ ಮೂಲ ಅಡಾಪ್ಟರ್‌ನಲ್ಲಿಯೂ ಆ ಮೂಲೆ ಹೆಚ್ಚುಕಡಿಮೆ ಇಷ್ಟೇ ಬಿಸಿಯಾಗುತ್ತಿತ್ತು. 7805 ತನಗೆ ಸಿಕ್ಕಿದ ಹೆಚ್ಚುವರಿ ವೋಲ್ಟೇಜನ್ನೆಲ್ಲ ಶಾಖವಾಗಿಯೇ ಕಳೆಯುವ ಭಾಗ. ನನಗೆ ಆಗದಿರುವುದು ಆ ಅಡಾಪ್ಟರ್‌ನ ಅರ್ಧ ಆಂಪಿಯರ್ ಸಾಮರ್ಥ್ಯ. ಮೂಲದ್ದು 1.3 ಆಂಪಿಯರ್ ಇರುವಾಗ ಇದು ತೀರಾ ಕಡಿಮೆ. ಹೊಸದನ್ನು ಕೊಳ್ಳುವುದಾದರೆ 9 ವೋಲ್ಟ್ ಡಿಸಿ, 1 ಆಂಪಿಯರ್ ಅಥವಾ ಹೆಚ್ಚಿನದನ್ನು, 5.5 ಮತ್ತು 2.1 ಮಿಲಿಮೀಟರ್ ಅಳತೆಯ ಪಿನ್ ಇರುವುದನ್ನು ಕೊಳ್ಳಿ. ಬ್ರಿಜ್ ಕಳೆದು 7.6 ವೋಲ್ಟ್ ಉಳಿಯುತ್ತದೆ. 7805ಕ್ಕೆ 7 ವೋಲ್ಟ್ ಇದ್ದರೆ ಸಾಕಾದ್ದರಿಂದ ಅದು ತಣ್ಣಗೂ ಇರುತ್ತದೆ. ಬ್ರಿಜ್ ಇರುವುದರಿಂದ ಪಿನ್ನಿನ ಒಳಭಾಗ ಧನವೋ ಋಣವೋ ಎಂಬ ಚಿಂತೆ ಈ ಕನ್ಸೋಲ್‌ಗೆ ಇಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ತಮ್ಮ ಮೂಲ ಅಡಾಪ್ಟರ್‌ನ ಪಿನ್ ಜಪಾನಿನ ಫ್ಯಾಮಿಕಾಮ್, ಸೆಗಾದ ಮೊದಲ ಮಾದರಿಯ ಮೆಗಾ ಡ್ರೈವ್ ಎಂಬ ಬೇರೆರಡು ಕನ್ಸೋಲ್‌ಗಳಿಗೂ ಸಲೀಸಾಗಿ ಕೂರುತ್ತದೆ. ಅವೆರಡಕ್ಕೂ ಬೇಕಾದದ್ದು ಒಳಭಾಗ ಋಣವಾಗಿರುವ ಡಿಸಿ, ಅವುಗಳಲ್ಲಿ ಬ್ರಿಜ್ ಇಲ್ಲ. ಎಸಿ ಕೊಟ್ಟರೆ ಒಳಗಿನ ಭಾಗಗಳು ಹೋಗುತ್ತವೆ. ಅದಕ್ಕೆ ಅಡಾಪ್ಟರ್‌ನ ಮೇಲೆ ಒಂದು ಚೀಟಿ ಅಂಟಿಸಿಡಿ.

ಹಳೇಕಾರ್ಟ್ರಿಡ್ಜ್:

ಬೆಸುಗೆಕಡ್ಡಿಯವರು ವಿದ್ಯುತ್ತಿನ ಕಡೆಯನ್ನು ಚೆನ್ನಾಗಿ ವಿವರಿಸಿದ್ದಾರೆ. ಆದರೆ ದೀಪ ಮಿಣುಕುವುದಕ್ಕೂ ಅಡಾಪ್ಟರ್‌ಗೂ ಬಹುಮಟ್ಟಿಗೆ ಸಂಬಂಧವಿಲ್ಲ. ಈ ಮಾದರಿಯ ಎನ್‌ಇಎಸ್‌ನಲ್ಲಿ ಒಂದು ಕಾವಲು ಚಿಪ್ ಇದೆ, ಪ್ರತಿ ಅಧಿಕೃತ ಕಾರ್ಟ್ರಿಡ್ಜ್‌ನಲ್ಲಿಯೂ ಅದರ ಜೋಡಿ ಚಿಪ್ ಇರುತ್ತದೆ. ಎರಡೂ ಒಂದಕ್ಕೊಂದು ಸಂಕೇತ ಕಳಿಸಿ ತಾಳೆ ನೋಡುತ್ತಿರುತ್ತವೆ. ತಾಳೆಯಾಗದಿದ್ದರೆ ಕನ್ಸೋಲ್‌ನ ಚಿಪ್ ಇಡೀ ಯಂತ್ರವನ್ನು ಸುಮಾರು ಸೆಕೆಂಡಿಗೊಮ್ಮೆ ರೀಸೆಟ್ ಮಾಡುತ್ತಲೇ ಇರುತ್ತದೆ, ದೀಪವೂ ಪರದೆಯೂ ಅದರ ಜೊತೆ ಮಿಣುಕುತ್ತವೆ. ತಮ್ಮ ವರ್ಣನೆಯಲ್ಲಿ ದೀಪದ ತಾಳವೂ ಪರದೆಯ ತಾಳವೂ ಒಂದೇ ಎಂದಿರುವುದು, ಕಾರ್ಟ್ರಿಡ್ಜ್ ತೆಗೆದು ಹಾಕಿದರೆ ಒಮ್ಮೊಮ್ಮೆ ಸರಿಹೋಗುವುದು, ಇವೆರಡೂ ಅದಕ್ಕೇ ಹೊಂದುತ್ತವೆ. ವಿದ್ಯುತ್ ನಿಜವಾಗಿ ಸಾಲದಿದ್ದರೆ ದೀಪ ಮಂಕಾಗಿರುತ್ತದೆ, ಇಲ್ಲವೇ ಹತ್ತುವುದೇ ಇಲ್ಲ; ಇಷ್ಟು ನಿಯಮಿತವಾಗಿ ಹತ್ತಿ ಆರುವುದು ಅಪರೂಪ.

ಮೂಲ ಕಾರಣ ಕಾರ್ಟ್ರಿಡ್ಜ್ ಕೂರುವ 72 ಪಿನ್ನುಗಳ ಕನೆಕ್ಟರ್. ಕಾರ್ಟ್ರಿಡ್ಜನ್ನು ಒಳಗೆ ತಳ್ಳಿ ಕೆಳಗೆ ಒತ್ತುವ ವ್ಯವಸ್ಥೆಯಿಂದ ಅದರ ಪಿನ್ನುಗಳು ಕ್ರಮೇಣ ಸಡಿಲವಾಗುತ್ತವೆ, ಕಾರ್ಟ್ರಿಡ್ಜ್‌ನ ಅಂಚಿನ ಹಲ್ಲುಗಳ ಮೇಲೆ ಕಿಲುಬು ಕೂಡ ಕೂರುತ್ತದೆ. ಮೊದಲು ಕಾರ್ಟ್ರಿಡ್ಜ್‌ನ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ, ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಉಜ್ಜಿ ಒಣಗಿಸಿ. ಬಾಯಿಂದ ಊದುವ ಹಳೆಯ ಚಾಳಿ ಬೇಡ, ಉಸಿರಿನ ತೇವದಿಂದ ಕಿಲುಬು ಹೆಚ್ಚುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ತಳದ ಆರು ಸ್ಕ್ರೂ ಬಿಚ್ಚಿ, ಕನೆಕ್ಟರನ್ನು ಹೊರಗೆಳೆದು ಶುಚಿ ಮಾಡಬೇಕು. ಹೊಸ ಕನೆಕ್ಟರ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಆದರೆ ಅವುಗಳಲ್ಲಿ ಕೆಲವು ಕಾರ್ಟ್ರಿಡ್ಜನ್ನು ಎಷ್ಟು ಬಿಗಿಯಾಗಿ ಕಚ್ಚುತ್ತವೆ ಎಂದರೆ ಹೊರಗೆಳೆಯುವುದೇ ಒಂದು ಸಾಹಸ. ಹಳೆಯದನ್ನೇ ಶುಚಿ ಮಾಡಿ ಬಳಸುವುದು ನನ್ನ ಆಯ್ಕೆ. 1993ರಲ್ಲಿ ಬಂದ, ಮೇಲಿನಿಂದ ಕಾರ್ಟ್ರಿಡ್ಜ್ ಹಾಕುವ ಎನ್‌ಇಎಸ್-101ರಲ್ಲಿ ಈ ಕಾವಲು ಚಿಪ್ ಇಲ್ಲ, ಹಾಗಾಗಿ ಅದರಲ್ಲಿ ಮಿಣುಕುವ ಕಾಟವೂ ಇಲ್ಲ. ಆದರೆ ಅದರಲ್ಲಿ ಚಿತ್ರ ಮತ್ತು ಧ್ವನಿಯ ಎವಿ ಜ್ಯಾಕ್‌ಗಳನ್ನೇ ಕೊಟ್ಟಿಲ್ಲ!

ಹಳದಿಬಿಳಿಕೆಂಪು:

ಕೇಬಲ್ ಮತ್ತು ಟಿವಿಯ ಬಗ್ಗೆ ನನಗೆ ತಿಳಿದಷ್ಟು ಸೇರಿಸುತ್ತೇನೆ.

ಆಂಟೆನಾ ತಂತಿಯಲ್ಲಿ ಚಿತ್ರ ಕಪ್ಪುಬಿಳುಪಾಗಿ ಬಂದು ಧ್ವನಿ ಬಾರದಿರುವುದು ದೋಷವೇ ಅಲ್ಲ. ತಮ್ಮ ಕನ್ಸೋಲ್ ಅಮೆರಿಕದ ಎನ್‌ಟಿಎಸ್‌ಸಿ ಎಂಬ ಟಿವಿ ಸಂಕೇತ ಪದ್ಧತಿಯದು, ನಮ್ಮ ಹಳೆಯ ಟಿವಿಗಳು ಪಾಲ್ ಪದ್ಧತಿಯವು. ಅಮೆರಿಕದ 3ನೇ ಚಾನೆಲ್‌ನ ಚಿತ್ರ 61.25 ಮೆಗಾಹರ್ಟ್ಸ್‌ನಲ್ಲಿದೆ, ನಮ್ಮ 4ನೇ ಚಾನೆಲ್‌ನದು 62.25ರಲ್ಲಿ, ಅಷ್ಟು ಹತ್ತಿರವಿರುವುದರಿಂದ ಟ್ಯೂನ್ ಮಾಡಿದರೆ ಚಿತ್ರ ಸಿಗುತ್ತದೆ. ಬಣ್ಣದ ಸಂಕೇತ ಬೇರೆಯಾದ್ದರಿಂದ ಬಣ್ಣ ಬರುವುದಿಲ್ಲ. ಧ್ವನಿ ಅಲ್ಲಿ ಚಿತ್ರದಿಂದ 4.5 ಮೆಗಾಹರ್ಟ್ಸ್ ದೂರದಲ್ಲಿದ್ದರೆ ನಮ್ಮ ಟಿವಿ ಅದನ್ನು 5.5ರಲ್ಲಿ ಹುಡುಕುತ್ತದೆ, ಸಹಜವಾಗಿಯೇ ಸಿಗುವುದಿಲ್ಲ. ಆ ದಾರಿಯನ್ನು ಬಿಟ್ಟು ಕನ್ಸೋಲ್‌ನ ಬಲಬದಿಯಲ್ಲಿರುವ ಹಳದಿ ಮತ್ತು ಕೆಂಪು ಜ್ಯಾಕ್‌ಗಳನ್ನೇ ಬಳಸಿ. ಇದರ ಧ್ವನಿ ಮೋನೊ, ಆದ್ದರಿಂದ ಕನ್ಸೋಲ್‌ನ ಕೆಂಪನ್ನು ಟಿವಿಯ ಬಿಳಿ ಜ್ಯಾಕ್‌ಗೆ ಕೊಟ್ಟರೆ ತಪ್ಪಿಲ್ಲ.

ಪಟ್ಟಿಗಳು ಓಡುವುದು, ಕೇಬಲ್ ಮುಟ್ಟಿದರೆ ಬದಲಾಗುವುದು, ಇವು ಹಳದಿ ಕೇಬಲ್‌ನ ಹೊರಗಿನ ಜಾಲರಿ ತಂತಿ, ಅಂದರೆ ಗ್ರೌಂಡ್, ಮುರಿದಿರುವುದರ ಲಕ್ಷಣ. ನಡುವಿನ ತಂತಿ ಮುರಿದರೆ ಚಿತ್ರವೇ ಮಾಯವಾಗುವುದರಿಂದ ಅದನ್ನು ಎಲ್ಲರೂ ಕೂಡಲೇ ಹಿಡಿಯುತ್ತಾರೆ. ಗ್ರೌಂಡ್ ಮುರಿದಾಗ ಹಾಗಲ್ಲ: ವಿದ್ಯುತ್ ಪಕ್ಕದ ಧ್ವನಿ ಕೇಬಲ್‌ನ ಗ್ರೌಂಡ್ ಮೂಲಕ ಸುತ್ತಿಕೊಂಡು ಹೇಗೋ ಮರಳುತ್ತದೆ, ಚಿತ್ರ ಕಾಣುತ್ತಲೇ ಇರುತ್ತದೆ, ಗುಂಯ್ ಸದ್ದು ಮಾತ್ರ ಅದರೊಳಗೆ ಬೆರೆಯುತ್ತದೆ. ಹಾಗಾಗಿ ಜನ ಕೇಬಲನ್ನು ಬಿಟ್ಟು ಮಿಕ್ಕೆಲ್ಲವನ್ನೂ ಅನುಮಾನಿಸುತ್ತಾರೆ. ಪರೀಕ್ಷೆ ಸುಲಭ. ಎರಡೂ ಕಡೆ ಕೇಬಲ್ ಕಳಚಿ, ಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು, ಈ ತುದಿಯ ನಡುಪಿನ್ನಿನಿಂದ ಆ ತುದಿಯ ನಡುಪಿನ್ನಿಗೆ, ಈ ಉಂಗುರದಿಂದ ಆ ಉಂಗುರಕ್ಕೆ ನೋಡಿ. ನೋಡುವಾಗ ಪಿನ್ನಿನ ಹಿಂದಿನ ರಬ್ಬರ್ ಕುತ್ತಿಗೆಯನ್ನು ನಾಲ್ಕೂ ದಿಕ್ಕಿಗೆ ಬಗ್ಗಿಸಿ, ಬೀಪ್ ತುಂಡಾಗಬಾರದು. ನಡುಪಿನ್ನಿಗೂ ಉಂಗುರಕ್ಕೂ ನಡುವೆ ಬೀಪ್ ಬರಲೇಬಾರದು.

ಹೊಸ ಎಲ್‌ಇಡಿ ಟಿವಿಗೆ ಹಾಕುವವರಿಗೆ ಇನ್ನೊಂದು ಮಾತು. ಈಗಿನ ಅನೇಕ ಟಿವಿಗಳಲ್ಲಿ ಮೂರು ಜ್ಯಾಕ್‌ಗಳ ಬದಲು 3.5 ಮಿಲಿಮೀಟರ್‌ನ ಒಂದೇ ತೂತು ಇರುತ್ತದೆ. ಅದಕ್ಕೆ ಹಾಕುವ ನಾಲ್ಕು ಪಟ್ಟಿಯ ಪಿನ್ನಿನಲ್ಲಿ ಗ್ರೌಂಡ್ ಎಲ್ಲಿ, ವಿಡಿಯೋ ಎಲ್ಲಿ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಪೆಟ್ಟಿಗೆಯಲ್ಲಿ ಬಂದ ಕೇಬಲ್ ಕಳೆದುಹೋಗಿ ಅಂಗಡಿಯಿಂದ ಬೇರೆ ತಂದಿದ್ದರೆ, ಪರದೆ ಕಪ್ಪಾಗಿದ್ದು ಸ್ಪೀಕರ್‌ನಲ್ಲಿ ಜೋರಾಗಿ ಕರಕರ ಎನ್ನುವ ಸಾಧ್ಯತೆ ಇದೆ. ಆಗ ಹಳದಿಯನ್ನು ಕೆಂಪಿಗೂ ಬಿಳಿಗೂ ಬದಲಾಯಿಸಿ ನೋಡಿ. ಗ್ರೌಂಡಿನ ಜಾಗವೇ ಬೇರೆಯಾಗಿದ್ದರೆ ಅದರಿಂದಲೂ ಸರಿಹೋಗದು, ಟಿವಿಗೆ ಹೊಂದುವ ಕೇಬಲನ್ನೇ ತರಬೇಕು. ಟಿವಿಯ ಮೆನುವಿನಲ್ಲಿ ಬಣ್ಣದ ಪದ್ಧತಿ ಪಾಲ್ ಎಂದು ಕಟ್ಟಿಹಾಕಿದ್ದರೆ ಆಟೋ ಮಾಡಿ.

ತುಂಗಾತೀರ:

ಮೂವರಿಗೂ ಅನಂತ ಧನ್ಯವಾದಗಳು. ಹೇಳಿದಂತೆಯೇ ಒಂದೊಂದನ್ನೂ ನೋಡಿದೆ.

ಸುಟ್ಟಿದೆ ಎಂದಿದ್ದ ಮೂಲ ಅಡಾಪ್ಟರ್ ಎಸಿ ಸ್ಥಾನದಲ್ಲಿ ಸುಮಾರು 10 ವೋಲ್ಟ್ ತೋರಿಸಿತು. ಇಂಡಿಕೇಟರ್ ಬಲ್ಬ್ ಹಾಕಿದಾಗ 9ಕ್ಕೆ ಸ್ವಲ್ಪ ಕೆಳಗೆ ನಿಂತಿತು, ತಂತಿ ಬಗ್ಗಿಸಿದರೂ ಬೆಳಕು ಅಲುಗಲಿಲ್ಲ. ಕಾರ್ಟ್ರಿಡ್ಜ್ ಉಜ್ಜಿದಾಗ ಹತ್ತಿಕಡ್ಡಿಗಳು ಕಾಡಿಗೆಯಂತೆ ಕಪ್ಪಾದವು; ಆ ಬಳಿಕ ಮಿಣುಕುವುದು ಬಹಳ ಮಟ್ಟಿಗೆ ನಿಂತಿದೆ. ಹಳದಿ ಕೇಬಲ್‌ನ ಉಂಗುರದ ಬೀಪ್ ಟಿವಿಯ ಕಡೆಯ ಕುತ್ತಿಗೆಯನ್ನು ಎಡಕ್ಕೆ ಬಗ್ಗಿಸಿದರೆ ಮಾತ್ರ ಬರುತ್ತಿತ್ತು, ನೇರ ಹಿಡಿದರೆ ಇಲ್ಲ. ರಬ್ಬರನ್ನು ಸೀಳಿ ನೋಡಿದರೆ ಜಾಲರಿಯ ಎಳೆಗಳು ಬೆಸುಗೆಯ ಬುಡದಲ್ಲೇ ಹಸಿರುಗಟ್ಟಿ ತುಂಡಾಗಿದ್ದವು. ಹೊಸ ಕೇಬಲ್ ಹಾಕಿದ ಮೇಲೆ ಗುಂಯ್ ಸದ್ದು ಹೋಗಿದೆ.

ಆದರೂ ಸ್ಟೆಪ್‌ಡೌನ್ ಮತ್ತು ಮೂಲ ಅಡಾಪ್ಟರ್ ಬಳಸಿದಾಗ ಚಿತ್ರದಲ್ಲಿ ತೆಳುವಾದ ಪಟ್ಟಿಗಳು ನಡುಗಿದಂತೆ ಓಡುವುದು ಉಳಿದಿದೆ. ಇದೂ ಕೇಬಲ್ಲೇ ಇರಬಹುದೇ? ಹೀಗೆ ಟ್ರಾನ್ಸ್‌ಫಾರ್ಮರ್ ಮೇಲೆ ಟ್ರಾನ್ಸ್‌ಫಾರ್ಮರ್ ಇಡುವ ಬದಲು, ಮೊಬೈಲ್ ಚಾರ್ಜರ್‌ನ 5 ವೋಲ್ಟನ್ನೇ ನೇರವಾಗಿ ಒಳಗೆ ಕೊಡಬಹುದು ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಅದು ಸರಿಯೇ?

ಬೆಸುಗೆಕಡ್ಡಿ:

ಉಳಿದಿರುವುದು ಬಹುಶಃ ಆ 2200 ಮೈಕ್ರೋಫ್ಯಾರಡ್ ಕೆಪಾಸಿಟರ್. ಕನ್ಸೋಲ್ ಅರ್ಧ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ನಮ್ಮ 50 ಹರ್ಟ್ಸ್‌ನಲ್ಲಿ ಬ್ರಿಜ್‌ನಿಂದ ಸೆಕೆಂಡಿಗೆ 100 ಅಲೆಗಳು ಬರುತ್ತವೆ, ಎರಡು ಅಲೆಗಳ ನಡುವೆ ಒಳ್ಳೆಯ ಕೆಪಾಸಿಟರ್‌ನ ವೋಲ್ಟೇಜ್ ಸುಮಾರು 2.3ರಷ್ಟು ಇಳಿಯುತ್ತದೆ. 11.3ರಿಂದ 9ಕ್ಕೆ ಇಳಿದರೂ 7805ಕ್ಕೆ ಬೇಕಾದ 7ಕ್ಕಿಂತ ಮೇಲೇ ಇರುವುದರಿಂದ ಹೊರಗೆ ಏನೂ ಗೊತ್ತಾಗುವುದಿಲ್ಲ. ಮೂವತ್ತು ವರ್ಷ ದಾಟಿದ ಕೆಪಾಸಿಟರ್ ಒಣಗಿ ಅದರ ಸಾಮರ್ಥ್ಯ ಮೂರನೆಯ ಒಂದಂಶಕ್ಕೆ ಇಳಿದಿದ್ದರೆ ಪ್ರತಿ ಅಲೆಯ ತಳದಲ್ಲಿ ವೋಲ್ಟೇಜ್ 7ರ ಕೆಳಗೆ ಜಾರುತ್ತದೆ, ರೆಗ್ಯುಲೇಟರ್ ಆ ಕ್ಷಣಕ್ಕೆ ಕೈಬಿಡುತ್ತದೆ. ಅದೇ ಪಟ್ಟಿಯಾಗಿ ಕಾಣುವುದು. ಅಮೆರಿಕದಲ್ಲಿ ಮೇನ್ಸ್ ಮತ್ತು ಚಿತ್ರ ಎರಡೂ ಸೆಕೆಂಡಿಗೆ 60ರ ಆಸುಪಾಸಿನಲ್ಲಿರುವುದರಿಂದ ಇಂತಹ ಪಟ್ಟಿಗಳು ನಿಧಾನವಾಗಿ ತೆವಳುತ್ತವೆ. ಇಲ್ಲಿ 100ಕ್ಕೂ 60ಕ್ಕೂ ತಾಳೆಯಾಗದೆ ಅವು ಓಡುತ್ತವೆ, ನಡುಗುತ್ತವೆ. ತಮ್ಮ ವರ್ಣನೆ ಸರಿಯಾಗಿಯೇ ಇದೆ.

ಖಚಿತಪಡಿಸಿಕೊಳ್ಳಲು ಬೆಸುಗೆ ಮುಟ್ಟಬೇಕಾಗಿಲ್ಲ. ಯಾರಿಂದಲಾದರೂ ರೌಟರ್‌ನ 9 ವೋಲ್ಟ್, 1 ಆಂಪಿಯರ್ ಡಿಸಿ ಅಡಾಪ್ಟರ್ ಎರವಲು ತಂದು ಹಾಕಿ. ಅದರ ಡಿಸಿ ಮೊದಲೇ ಸಮವಾಗಿರುವುದರಿಂದ ಒಳಗಿನ ಕೆಪಾಸಿಟರ್‌ಗೆ ಹೆಚ್ಚು ಕೆಲಸವಿಲ್ಲ. ಅದರಲ್ಲಿ ಪಟ್ಟಿಗಳು ಮಾಯವಾಗಿ, ಮೂಲ ಅಡಾಪ್ಟರ್‌ನಲ್ಲಿ ಮರಳಿ ಬಂದರೆ ಕೆಪಾಸಿಟರ್ ಹೋಗಿದೆ ಎಂದೇ ತಿಳಿಯಿರಿ. ಎರಡರಲ್ಲೂ ಇದ್ದರೆ 5 ವೋಲ್ಟ್ ಅಳೆಯಬೇಕು. ಅದಕ್ಕೂ ಪೆಟ್ಟಿಗೆ ತೆರೆಯಬೇಕಿಲ್ಲ, ಆಟಗಾರ ಕೈಯಲ್ಲಿ ಹಿಡಿಯುವ ನಿಯಂತ್ರಕ (ಕಂಟ್ರೋಲರ್) ಚುಚ್ಚುವ ಮುಂದಿನ ಸಾಕೆಟ್‌ನಲ್ಲಿ ಆ 5 ವೋಲ್ಟ್ ಬಂದಿದೆ. ಮೀಟರ್‌ನ ಕಪ್ಪು ಕಡ್ಡಿಯನ್ನು ಹಳದಿ ಜ್ಯಾಕ್‌ನ ಹೊರ ಉಂಗುರಕ್ಕೆ ಹಿಡಿದು, ಕೆಂಪು ಕಡ್ಡಿಯಿಂದ ಸಾಕೆಟ್‌ನ ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ, 5 ವೋಲ್ಟ್ ಸ್ಥಿರವಾಗಿ ನಿಲ್ಲುವ ಪಿನ್ನನ್ನು ಹುಡುಕಿ. 4.75ರಿಂದ 5.25ರೊಳಗಿದ್ದರೆ ರೆಗ್ಯುಲೇಟರ್ ಚೆನ್ನಾಗಿದೆ. ಕಡ್ಡಿಯ ತುದಿ ಎರಡು ಪಿನ್ನುಗಳಿಗೆ ಒಟ್ಟಿಗೆ ತಗುಲದಂತೆ ಎಚ್ಚರವಿರಲಿ.

ಮೊಬೈಲ್ ಚಾರ್ಜರ್‌ನ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಿಂದಿನ ಜ್ಯಾಕ್‌ಗೆ 5 ವೋಲ್ಟ್ ಕೊಟ್ಟರೆ ಬ್ರಿಜ್ ಕಳೆದು 3.6 ಉಳಿಯುತ್ತದೆ, 7805 ಅದರಿಂದ ಏನನ್ನೂ ಮಾಡಲಾಗದು. ರೆಗ್ಯುಲೇಟರನ್ನು ಕಿತ್ತು ನೇರವಾಗಿ ಕೊಟ್ಟರೆ ಯಂತ್ರ ಓಡುತ್ತದೆ ನಿಜ, ಆದರೆ ಅಗ್ಗದ ಚಾರ್ಜರ್‌ನ ಗದ್ದಲವೆಲ್ಲ ಚಿತ್ರದಲ್ಲಿ ಕಾಣುತ್ತದೆ. ಅಕಸ್ಮಾತ್ ಅದರ ವೋಲ್ಟೇಜ್ ಏರಿದರೆ, ಮತ್ತೆ ಸಿಗದ ಚಿಪ್‌ಗಳಿಗೂ ಅದಕ್ಕೂ ನಡುವೆ ತಡೆಯೇ ಇರುವುದಿಲ್ಲ.

ಸ್ಟೆಪ್‌ಡೌನ್ ಡಬ್ಬಿ ತೂಕವಾಗಿದೆ ಎಂದಿರಿ, ಅದು ಒಳ್ಳೆಯ ಲಕ್ಷಣ. ಪ್ರಯಾಣಿಕರಿಗೆಂದು ಮಾರುವ, ಅಂಗೈಯಲ್ಲಿ ಹಿಡಿಯುವ ಹಗುರ ಕನ್ವರ್ಟರ್‌ಗಳಲ್ಲಿ ಅನೇಕವು ಮೇನ್ಸ್‌ನ ಅಲೆಯನ್ನು ಕತ್ತರಿಸಿ ಕೊಡುತ್ತವೆ. ಕೂದಲು ಒಣಗಿಸುವ ಯಂತ್ರಕ್ಕೆ ಅದು ಸಾಕು, ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗೆ ಸಲ್ಲದು. ತಮ್ಮ ಡಬ್ಬಿಯಲ್ಲಿ ಆ ತೊಂದರೆ ಇಲ್ಲ, ಆದರೆ 60 ಹರ್ಟ್ಸ್‌ಗೆಂದು ಮಾಡಿದ ಅಡಾಪ್ಟರ್ 50ರಲ್ಲಿ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ. ಆಟ ಮುಗಿದ ಮೇಲೆ ಗೋಡೆಯ ಸ್ವಿಚ್ ಆರಿಸಿ. ದಿನನಿತ್ಯದ ಬಳಕೆಗೆ 9 ವೋಲ್ಟ್ ಡಿಸಿ ಅಡಾಪ್ಟರ್ ಸಾಕು, ಮೂಲದ್ದನ್ನು ಮಾವನ ನೆನಪಿಗೆ ಎತ್ತಿಡಿ.

ಕೆಪಾಸಿಟರ್ ಬದಲಿಸುವುದಾದರೆ 2200 ಮೈಕ್ರೋಫ್ಯಾರಡ್, 25 ಅಥವಾ 35 ವೋಲ್ಟ್, 105 ಡಿಗ್ರಿ ಶಾಖ ತಾಳುವುದನ್ನು ಕೇಳಿ ತನ್ನಿ. ಬೆಂಗಳೂರಿನ ಎಸ್‌ಪಿ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ತಗಡಿನ ಪೆಟ್ಟಿಗೆಯೊಳಗೆ ಜಾಗ ಇಕ್ಕಟ್ಟು, ಹಾಗಾಗಿ ಹಳೆಯದರ ಎತ್ತರ ಮತ್ತು ವ್ಯಾಸ ಅಳೆದುಕೊಂಡೇ ಅಂಗಡಿಗೆ ಹೋಗಿ. ಕಳಚುವ ಮೊದಲು ಋಣದ ಪಟ್ಟಿ ಯಾವ ಕಡೆಗಿದೆ ಎಂದು ಫೋಟೋ ತೆಗೆದಿಟ್ಟುಕೊಂಡು ಹೊಸದನ್ನು ಅದೇ ದಿಕ್ಕಿಗೆ ಕೂರಿಸಿ. ಪೆಟ್ಟಿಗೆ ತೆರೆದಿರುವಾಗಲೇ ವಿದ್ಯುತ್ ಜ್ಯಾಕ್‌ನ ಕಾಲುಗಳ ಬೆಸುಗೆಯನ್ನೂ ಒಮ್ಮೆ ನೋಡಿ. ಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕಿನ ಉಂಗುರ ಕಂಡರೆ ಹಳೆಯ ಸೀಸ ತೆಗೆದು ಹೊಸದಾಗಿ ಬೆಸೆಯಿರಿ.